ಕಣ್ಣಿನ ಚೀಟಿಯೂ ಹೆಣ್ಣುಮಕ್ಕಳ ಓದೂ

ಪ್ರತಿ ವರ್ಷವೂ ಶಾಲೆಯಲ್ಲಿ ಕಣ್ಣಿನ ಪರೀಕ್ಷೆಯಾದ ಮೇಲೆ ನಮ್ಮ ಹುಡುಗಿಯರು ಒಂದೊಂದು ಚೀಟಿಯನ್ನು ಮನೆಗೆ ಒಯ್ಯುವರು. ಅದರಲ್ಲಿ ೬/೬, ೬/೯, ೬/೧೮ ಎಂಬಂಥ ಅಂಕೆಗಳಿರುವುವು. ತಂದೆತಾಯಿಗಳಲ್ಲಿ ಅನೇಕರು ಇವನ್ನು ಪರೀಕ್ಷೆಯ ಅಂಕಗಳಂತೆಯೇ ಓದುವುದನ್ನು ನಾವು ಕಂಡಿದ್ದೇವೆ. “ಆರಕ್ಕೆ ಆರು ಬಂತು, ಇನ್ನು ಚಿಂತೆಯಿಲ್ಲ” ಎನ್ನುವವರು ಕೆಲವರು. “೬/೧೨ ಎಂದರೆ ಅರ್ಧ ಕಣ್ಣು ಹೋಯಿತು” ಎಂದು ಗಾಬರಿಪಡುವವರು ಮತ್ತೆ ಕೆಲವರು. ಚೀಟಿಯನ್ನು ಮಡಿಸಿಟ್ಟು ಮರೆತುಬಿಡುವವರೂ ಇಲ್ಲದಿಲ್ಲ. ಈ ಮೂರು ಬಗೆಯವರಿಗೂ ನಾಲ್ಕು ಮಾತುಗಳನ್ನು ಅರಿಕೆಮಾಡಿಕೊಳ್ಳುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಈ ಅಳತೆಯನ್ನು ನೆಲೆಗೊಳಿಸಿದವರು ಹಾಲೆಂಡಿನ ಯೂಟ್ರೆಕ್ಟ್ ನಗರದ ನೇತ್ರವೈದ್ಯರಾದ ಹರ್ಮನ್ ಸ್ನೆಲ್ಲೆನ್ ಎಂಬವರು. ಅವರ ಅಕ್ಷರಪಟವು ೧೮೬೨ರಲ್ಲಿ ಪ್ರಕಟವಾಯಿತು. ಓದಿಸಿ ನೋಡುವ ಪಟಗಳು ಅದಕ್ಕೆ ಮೊದಲೂ ಇದ್ದುವು. ಆದರೆ ಅಕ್ಷರದ ಗಾತ್ರವನ್ನು ಕೋನದ ಲೆಕ್ಕಕ್ಕೆ ತಂದುದು ಸ್ನೆಲ್ಲೆನ್ನರ ಹಿರಿಮೆ. ಒಂದು ಡಿಗ್ರಿಗೆ ೬೦ ಮಿನಿಟುಗಳೆಂಬುದು ರೇಖಾಗಣಿತ ಕಲಿತ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ನೆನಪಿರಬಹುದು. ಗೊತ್ತುಮಾಡಿದ ದೂರದಲ್ಲಿ ಇಡೀ ಅಕ್ಷರವು ಕಣ್ಣಿಗೆ ೫ ಮಿನಿಟುಗಳ ಕೋನದಷ್ಟೂ, ಅದರ ಒಂದೊಂದು ಗೆರೆಯು ೧ ಮಿನಿಟಿನ ಕೋನದಷ್ಟೂ ಕಾಣುವಂತೆ ಪಟವನ್ನು ರಚಿಸಲಾಗಿದೆ. ಈ ಲೆಕ್ಕದಂತೆ ೬ ಮೀಟರು ದೂರದಿಂದ ಓದಬೇಕಾದ ಅಕ್ಷರದ ಎತ್ತರ ಸುಮಾರು ೮.೭ ಮಿಲಿಮೀಟರು, ೬೦ ಮೀಟರಿನಿಂದ ಓದಬೇಕಾದ, ಪಟದ ತುದಿಯಲ್ಲಿರುವ ದೊಡ್ಡ ಅಕ್ಷರವು ಅದರ ಹತ್ತರಷ್ಟು.

ಹೀಗಾಗಿ ಚೀಟಿಯ ಎರಡು ಅಂಕೆಗಳೂ ದೂರಗಳೇ ಹೊರತು ಅಂಕಗಳಲ್ಲ. ಮೇಲಿನದು ಹುಡುಗಿಯು ನಿಂತ ದೂರ. ಕೆಳಗಿನದು ಅವಳು ಓದಿದ ಕಡೆಯ ಸಾಲನ್ನು ಸಾಧಾರಣ ಕಣ್ಣು ಎಷ್ಟು ದೂರದಿಂದ ಓದಬಲ್ಲುದೆಂಬುದು. ೬/೧೨ ಎಂದರೆ, ಇತರರು ೧೨ ಮೀಟರಿನಿಂದ ಓದುವುದನ್ನು ಇವಳು ೬ ಮೀಟರಿಗೆ ಬಂದು ಓದಬೇಕು. ಇಲ್ಲವೆ ಕರಿಹಲಗೆಯ ಮೇಲಿನ ಅಕ್ಷರ ಇಮ್ಮಡಿಯಾಗಬೇಕು. ಅರ್ಧ ಕಣ್ಣು ಹೋಯಿತೆಂದು ಇದರ ಅರ್ಥವಲ್ಲ. ಅಮೆರಿಕದಲ್ಲಿ ದೂರವನ್ನು ಅಡಿಗಳಲ್ಲಿ ಅಳೆಯುವುದರಿಂದ ನಮ್ಮ ೬/೬ ಅಲ್ಲಿ ೨೦/೨೦ ಆಗುವುದು. ೧೯೭೬ರಲ್ಲಿ ಆಸ್ಟ್ರೇಲಿಯದ ಬೇಲಿ ಮತ್ತು ಲವಿ ಎಂಬ ವಿದ್ವಾಂಸರು ಸಾಲಿಗೆ ಐದೈದು ಅಕ್ಷರಗಳಿರುವ ಹೊಸ ಪಟವೊಂದನ್ನು ಪ್ರಕಟಿಸಿದರು. ಅದರ ಎಣಿಕೆಯಲ್ಲಿ ೬/೬ ಎಂಬುದಕ್ಕೆ ಸೊನ್ನೆ, ೬/೬೦ ಎಂಬುದಕ್ಕೆ ಒಂದು. ಸೊನ್ನೆ ಬಂದವಳ ದೃಷ್ಟಿಯೇ ಅಲ್ಲಿ ಮೇಲು! ಅಂಕಗಳ ಭ್ರಮೆಯನ್ನು ಕಳೆಯಲು ಇದಕ್ಕಿಂತ ಬೇರೆ ನಿದರ್ಶನ ಬೇಡ.

೬/೬ ಬಂದೊಡನೆ ಎಲ್ಲವೂ ಮುಗಿಯಿತೆಂಬ ನಂಬಿಕೆಯೂ ಸರಿಯಲ್ಲ. ಅದು ಸಾಧಾರಣ ದೃಷ್ಟಿಯ ಗುರುತೇ ಹೊರತು ಪರಿಪೂರ್ಣತೆಯ ಗುರುತಲ್ಲ. ಎಳೆಯರಲ್ಲಿ ಅನೇಕರು ೬/೫ ಸಾಲನ್ನೂ ಓದುವರು. ದೂರದ ಅಕ್ಷರ ಎಷ್ಟು ಸ್ಪಷ್ಟ ಎಂಬುದೊಂದನ್ನೇ ಪಟವು ಅಳೆಯುವುದು. ಬಣ್ಣಗಳ ಭೇದವನ್ನಾಗಲಿ, ಓರೆಯಲ್ಲಿ ಕಾಣುವ ನೋಟದ ವಿಸ್ತಾರವನ್ನಾಗಲಿ ಅದು ತಿಳಿಸದು. ದೀರ್ಘದೃಷ್ಟಿಯ ದೋಷವುಳ್ಳ ಹುಡುಗಿಯು ಕಣ್ಣಿಗೆ ಶ್ರಮ ಕೊಟ್ಟು ೬/೬ ಓದಿಬಿಡುವಳು. ಮನೆಗೆ ಹೋಗಿ ಪುಸ್ತಕ ಹಿಡಿದರೆ ತಲೆನೋವೆನ್ನುವಳು. ಅವಳನ್ನು ಸೋಮಾರಿಯೆಂದು ಗದರಿಸುವ ಮೊದಲು ಕಣ್ಣಿನ ವೈದ್ಯರಿಗೆ ತೋರಿಸಬೇಕು.

ಒಂದೊಂದು ಕಣ್ಣನ್ನೂ ಬೇರೆಬೇರೆಯಾಗಿ ಪರೀಕ್ಷಿಸುವುದು ಅತ್ಯವಶ್ಯಕ. ಒಂದು ಕಣ್ಣು ೬/೬, ಇನ್ನೊಂದು ೬/೩೬ ಇದ್ದರೂ ಎರಡನ್ನೂ ತೆರೆದಿರುವ ಮಗುವಿಗೆ ಕೊರತೆಯೇ ತೋರದು. ಚಿಕ್ಕ ವಯಸ್ಸಿನಲ್ಲಿ ಮಂಕಾದ ಕಣ್ಣನ್ನು ಮಿದುಳು ಬಳಸದೆ ಬಿಟ್ಟರೆ ಅದರ ನೋಟವು ಬಲಿಯದೆ ಉಳಿಯುವುದು. ಏಳು ವರ್ಷದೊಳಗೆ ಚಿಕಿತ್ಸೆಯಾದರೆ ಫಲ ಹೆಚ್ಚು; ತಡವಾದಷ್ಟೂ ಕಷ್ಟ. ಆದುದರಿಂದ ಅಕ್ಷರ ಬಾರದ ಮಗುವಿಗೂ ಪರೀಕ್ಷೆ ಮಾಡಿಸಬೇಕು. ಮೂರು ಕಾಲಿನ ಇಂಗ್ಲಿಷ್ ‘ಇ’ ಅಕ್ಷರದ ಪಟವನ್ನು ತೋರಿಸಿ, ಕಾಲುಗಳು ಯಾವ ಕಡೆಗಿವೆಯೆಂದು ಕೈಸನ್ನೆಯಿಂದ ಹೇಳಿಸಿದರೆ ಸಾಕು. ಶಾಲೆಯಲ್ಲಿ ಪರೀಕ್ಷೆ ನಡೆಸುವವರು ಇನ್ನೊಂದನ್ನು ಗಮನಿಸಬೇಕು: ಸಾಲಿನಲ್ಲಿ ಕಾದು ನಿಂತ ಹುಡುಗಿಯರು ಮುಂದಿನವರು ಓದುವುದನ್ನು ಕೇಳಿ ಪಟವನ್ನೆಲ್ಲ ಬಾಯಿಪಾಠ ಮಾಡಿಬಿಡುವರು. ಅಂಥ ೬/೬ ಕಿವಿಯ ಸಾಮರ್ಥ್ಯವೇ ಹೊರತು ಕಣ್ಣಿನದಲ್ಲ.

ಕನ್ನಡಕದ ‘ನಂಬರು’ ಬೇರೆ, ಪಟದ ಅಂಕೆ ಬೇರೆ ಎಂಬುದನ್ನೂ ತಿಳಿದಿರಬೇಕು. ನಂಬರು ಗಾಜಿನ ಶಕ್ತಿಯನ್ನು ಹೇಳುವುದು. ಪಟದ ಅಂಕೆ ನೋಟವನ್ನು ಹೇಳುವುದು. ಕನ್ನಡಕವಿಲ್ಲದೆ ೬/೬೦ ಓದುವ ಹುಡುಗಿಯು ತಕ್ಕ ಕನ್ನಡಕದಿಂದ ೬/೬ ಓದಿದರೆ ಅವಳ ಓದಿಗೆ ಯಾವ ಅಡ್ಡಿಯೂ ಇಲ್ಲ. ವೈದ್ಯರನ್ನು ಕಂಡಾಗ “ನಂಬರೆಷ್ಟು?” ಎಂದಷ್ಟೇ ಕೇಳದೆ “ಕನ್ನಡಕ ಹಾಕಿದ ಮೇಲೆ ಎಷ್ಟು ಕಾಣುವುದು?” ಎಂದೂ ಕೇಳಿರಿ.

ಇನ್ನು ನಮ್ಮ ಮನಸ್ಸನ್ನು ಹೆಚ್ಚು ನೋಯಿಸುವ ಮಾತನ್ನು ಮುಚ್ಚಿಡದೆ ಹೇಳುತ್ತೇವೆ. ಒಂದೇ ಮನೆಯಲ್ಲಿ ತಮ್ಮನ ಚೀಟಿಗೆ ಮರುವಾರವೇ ಕನ್ನಡಕ ಬರುವುದು. ಅಕ್ಕನ ಚೀಟಿಗೆ “ಮುಂದಿನ ವರ್ಷ ನೋಡೋಣ” ಎಂಬ ಉತ್ತರ ಬರುವುದು. ಕನ್ನಡಕದ ಹುಡುಗಿಗೆ ವರ ಸಿಕ್ಕುವುದು ಕಷ್ಟವೆಂಬ ಅಂಜಿಕೆಯೇ ಇದಕ್ಕೆ ಕಾರಣವೆಂದು ತಾಯಂದಿರೇ ನಮ್ಮೊಡನೆ ಹೇಳಿದ್ದುಂಟು. ಹಾಕಿಕೊಂಡರೆ ಕಣ್ಣು ಇನ್ನೂ ಕೆಡುವುದೆಂಬ ನೆವವೂ ಇದರ ಜೊತೆಗೆ ಸೇರುವುದು. ತಕ್ಕ ಕನ್ನಡಕವು ಕಣ್ಣನ್ನು ಕೆಡಿಸುವುದಿಲ್ಲ. ಬೆಳೆಯುವ ವಯಸ್ಸಿನಲ್ಲಿ ಕಣ್ಣುಗುಡ್ಡೆಯು ಉದ್ದವಾಗುವುದರಿಂದ ಹ್ರಸ್ವದೃಷ್ಟಿಯು ಹೆಚ್ಚುವುದು. ಕನ್ನಡಕವನ್ನು ಪೆಟ್ಟಿಗೆಯಲ್ಲಿಟ್ಟರೆ ಅದು ನಿಲ್ಲುವುದಿಲ್ಲ. ದಿನವೂ ಕೆಲಹೊತ್ತು ಬಯಲ ಬೆಳಕಿನಲ್ಲಿ ಆಡಿದ ಮಕ್ಕಳಲ್ಲಿ ಈ ದೋಷ ಹುಟ್ಟುವುದು ಕಡಿಮೆಯೆಂದು ತಿಳಿದುಬಂದಿದೆ. ಹೆಣ್ಣುಮಕ್ಕಳನ್ನು ಸಂಜೆ ಒಳಗೇ ಕೂಡಿಸುವವರು ಇದನ್ನೂ ಆಲೋಚಿಸಲಿ.

ಕನ್ನಡಕದಿಂದ ಓದು ಸುಧಾರಿಸುವುದೇ ಎಂದು ಕೇಳುವವರಿಗೆ ಚೀನದೇಶದ ಉತ್ತರವಿದೆ. ಅಲ್ಲಿನ ಗಾನ್ಸು ಮತ್ತು ಶಾನ್‌ಶಿ ಪ್ರಾಂತಗಳ ೨೫೨ ಪ್ರಾಥಮಿಕ ಶಾಲೆಗಳಲ್ಲಿ ನಡೆದು ೨೦೧೪ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಉಚಿತವಾಗಿ ಕನ್ನಡಕ ಪಡೆದ ಮಕ್ಕಳು ಉಳಿದವರಿಗಿಂತ ಗಣಿತದಲ್ಲಿ ಮುಂದಾದರು. ದಡ್ಡಿಯೆಂದು ಹೆಸರು ಪಡೆದ ಹುಡುಗಿಯನ್ನು ಮುಂದಿನ ಬೆಂಚಿಗೆ ಕರೆದು ಕೂಡಿಸುವುದು ನಮ್ಮ ಕೈಲಾದುದು. ಆದರೆ ಮುಂದಿನ ಬೆಂಚು ಅವಳೊಡನೆ ಬಸ್ಸಿನ ಫಲಕದವರೆಗೆ, ಮುಂದಿನ ಕಾಲೇಜಿನವರೆಗೆ ಹೋಗಲಾರದು. ಕನ್ನಡಕವು ಹೋಗುವುದು.

ಮಾನ್ಯ ಪಾಲಕರೇ, ಈ ಸಲ ಚೀಟಿ ಬಂದಾಗ ಎರಡು ಕಣ್ಣುಗಳ ಅಂಕೆಗಳನ್ನೂ ಓದಿರಿ. ೬/೬ಕ್ಕೆ ಕಡಿಮೆಯಿದ್ದರೆ ಆ ತಿಂಗಳೊಳಗೆ ವೈದ್ಯರ ಬಳಿಗೆ ಕರೆದೊಯ್ಯಿರಿ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರು, ಕೆಲವರು ಅತ್ತೆಯರೂ ಆಗಿದ್ದೀರಿ. ನಿಮ್ಮ ಮನೆಗೆ ಸೊಸೆಯನ್ನು ನೋಡಲು ಹೊರಟಾಗ ಹುಡುಗಿಯ ಮುಖದ ಮೇಲಿನ ಕನ್ನಡಕವನ್ನು ಕೊರತೆಯೆಂದು ಎಣಿಸದಿರಿ. ನೀವು ಹಾಗೆ ನಡೆದರೆ, ಈಗ ಇಲ್ಲಿ ಹಿಂದಿನ ಬೆಂಚಿನಲ್ಲಿ ಕಣ್ಣು ಕಿರಿದುಮಾಡಿ ಕುಳಿತಿರುವ ಹುಡುಗಿಯ ತಾಯಿಗೆ ಧೈರ್ಯ ಬರುವುದೆಂದು ನಾವು ನಂಬಿದ್ದೇವೆ.