ಒಪ್ಪಿ ಅಗಲುವವರು ಮಗುವಿನ ಪತ್ರವನ್ನು ತಾವೇ ಬರೆಯಲಿ

ಮದುವೆಯನ್ನು ಸಾವಿರ ಜನರ ಮುಂದೆ ಮಾಡುವ ನಾವು, ಅದು ಮುರಿದಾಗ ಮಾತ್ರ ದನಿ ತಗ್ಗಿಸುತ್ತೇವೆ. ಛಾಪಾ ಕಾಗದದ ಮೇಲೆ ಒಂದು ‘ಬಿಡುಗಡೆ ಪತ್ರ’ ಬರೆಸಿ, ನಾಲ್ವರು ಹಿರಿಯರ ಸಹಿ ಹಾಕಿಸಿ, ಅಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತೇವೆ. ಆದರೆ ನೋಟರಿಯ ಮೊಹರು ಬಿದ್ದ ಮಾತ್ರಕ್ಕೆ ಆ ಕಾಗದ ನ್ಯಾಯಾಲಯದ ಡಿಕ್ರಿ ಆಗುವುದಿಲ್ಲ. ರೂಢಿಯ ವಿಚ್ಛೇದನಕ್ಕೆ ಕಾನೂನಿನಲ್ಲಿ ಜಾಗವಿದೆ ನಿಜ. ಅಂಥ ರೂಢಿ ತಮ್ಮಲ್ಲಿ ಹಿಂದಿನಿಂದ ನಡೆದುಬಂದಿದೆ ಎಂದು ಹೇಳುವವರೇ ಅದನ್ನು ಸಾಬೀತು ಮಾಡಬೇಕು. ಮಾಡಲಾಗದಿದ್ದರೆ ಮೊದಲ ಮದುವೆ ಹಾಗೆಯೇ ಉಳಿಯುತ್ತದೆ, ಎರಡನೆಯದು ಅಸಿಂಧುವಾಗುತ್ತದೆ. ಆ ಪೆಟ್ಟು ಹೆಚ್ಚಾಗಿ ಬೀಳುವುದು ಹೆಣ್ಣುಮಕ್ಕಳ ಮೇಲೆ.

ಲಿಂಗಾಯತ ಸ್ವತಂತ್ರ ಧರ್ಮದ ಮಾನ್ಯತೆಗಾಗಿ ನಮ್ಮ ಹೋರಾಟ ಮುಂದುವರಿಯಲಿ. ಆದರೆ 1955ರ ಹಿಂದೂ ವಿವಾಹ ಕಾಯಿದೆಯ 2ನೇ ಕಲಂ ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಟ್ಟೇ ಸೇರಿಸಿಕೊಂಡಿದೆ. ಇಂದಿನ ಮಟ್ಟಿಗೆ ನಮ್ಮ ಮದುವೆ, ವಿಚ್ಛೇದನಗಳಿಗೆ ಅನ್ವಯವಾಗುವುದು ಅದೇ.

ಆ ಕಾಯಿದೆಗೆ 1976ರಲ್ಲಿ ಸೇರಿದ 13-ಬಿ ಕಲಮಿನ ಪ್ರಕಾರ ಗಂಡ ಹೆಂಡತಿ ಇಬ್ಬರೂ ಒಪ್ಪಿದರೆ ಜಂಟಿ ಅರ್ಜಿ ಕೊಟ್ಟು ವಿಚ್ಛೇದನ ಪಡೆಯಬಹುದು. ಒಂದು ವರ್ಷ ಅಥವಾ ಹೆಚ್ಚು ಕಾಲ ಬೇರೆಯಾಗಿ ಬಾಳಿರಬೇಕು. ಒಂದೇ ಸೂರಿನಡಿ ಇದ್ದರೂ ಗಂಡ ಹೆಂಡತಿಯಾಗಿ ಬಾಳದಿದ್ದರೆ ಅದೂ ಬೇರೆಯಾಗಿರುವುದೇ ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿದೆ. ಅರ್ಜಿ ಕೊಟ್ಟ 6 ತಿಂಗಳ ನಂತರ, 18 ತಿಂಗಳೊಳಗೆ ಇಬ್ಬರೂ ಮತ್ತೆ ಹಾಜರಾಗಿ ಒಪ್ಪಿಗೆಯನ್ನು ಖಚಿತಪಡಿಸಬೇಕು. ರಾಜಿಯ ದಾರಿ ಮುಗಿದಿದೆ, ಮಕ್ಕಳ ಪಾಲನೆ ಮತ್ತು ಜೀವನಾಂಶ ನಿಜವಾಗಿ ಇತ್ಯರ್ಥವಾಗಿದೆ ಎಂದು ಕಂಡರೆ ಈ 6 ತಿಂಗಳನ್ನು ನ್ಯಾಯಾಲಯ ಮನ್ನಾ ಮಾಡಬಹುದು ಎಂಬುದು 2017ರ ತೀರ್ಪು. ಡಿಕ್ರಿ ಆಗುವ ತನಕ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು.

ಇದಕ್ಕೆ ವಕೀಲರು ಬೇಕೇ ಬೇಕೆಂಬ ನಿಯಮವಿಲ್ಲ. 1984ರ ಕುಟುಂಬ ನ್ಯಾಯಾಲಯಗಳ ಕಾಯಿದೆಯ 13ನೇ ಕಲಂ ಪ್ರಕಾರ ಅಲ್ಲಿ ವಕೀಲರ ಮೂಲಕ ವಾದಿಸುವುದು ಪಕ್ಷಗಾರರ ಹಕ್ಕೇ ಅಲ್ಲ. ಅದಕ್ಕೆ ನ್ಯಾಯಾಲಯದ ಅನುಮತಿ ಬೇಕು. ಜನ ತಾವೇ ಬಂದು ತಮ್ಮ ಮಾತು ಹೇಳಲಿ ಎಂಬುದೇ ಕಾಯಿದೆಯ ಆಶಯ. ಮದುವೆಯ ದಾಖಲೆ, ವಿಳಾಸ ಮತ್ತು ಗುರುತಿನ ದಾಖಲೆ, ಮಕ್ಕಳ ಜನನ ಪ್ರಮಾಣಪತ್ರ, ಎಂದಿನಿಂದ ಬೇರೆ ಇದ್ದೇವೆ ಎಂಬ ವಿವರ, ಇಬ್ಬರ ಪ್ರಮಾಣಪತ್ರ, ಒಪ್ಪಂದದ ಷರತ್ತುಗಳು. ಓದುಬರಹ ಬಲ್ಲ ದಂಪತಿಗೆ ಇದು ಆಗದ ಕೆಲಸವಲ್ಲ.

ಕಷ್ಟವಿರುವುದು ಆ ಷರತ್ತುಗಳಲ್ಲಿ, ಅದರಲ್ಲೂ ಮಗುವಿನ ವಿಷಯದಲ್ಲಿ. ಸರ್ಕಾರಿ ಕಾಮಗಾರಿಗಳ ಕರಾರು ಪತ್ರಗಳನ್ನು ವರ್ಷಗಟ್ಟಲೆ ನೋಡಿದವನಾಗಿ ಹೇಳುತ್ತೇನೆ: ಅಳತೆಯಿಲ್ಲದ ಷರತ್ತೇ ಜಗಳದ ಮೂಲ. ‘ತಂದೆ ಆಗಾಗ ಮಗುವನ್ನು ನೋಡಬಹುದು’ ಎಂದು ಬರೆದರೆ ‘ಆಗಾಗ’ ಎಂದರೆ ಎಷ್ಟು? ‘ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ 10ರಿಂದ ಭಾನುವಾರ ಸಂಜೆ 5ರವರೆಗೆ, ಕರೆತಂದು ಬಿಡುವ ಹೊಣೆ ತಂದೆಯದು’ ಎಂದು ಬರೆದರೆ ಜಗಳಕ್ಕೆ ಎಡೆಯಿರುವುದಿಲ್ಲ.

ಹೀಗೆಯೇ ಒಂದೊಂದನ್ನೂ ಬರೆಯಬೇಕು. ಶಾಲೆಯ ದಿನಗಳಲ್ಲಿ ಮಗು ಯಾರ ಮನೆಯಲ್ಲಿ? ದಸರಾ ರಜೆ, ಬೇಸಿಗೆ ರಜೆ ಹೇಗೆ ಹಂಚಿಕೆ? ಬಸವ ಜಯಂತಿ, ದೀಪಾವಳಿ, ಊರ ಜಾತ್ರೆ ಯಾವ ವರ್ಷ ಯಾರ ಕಡೆ? ಶುಲ್ಕ, ಔಷಧದ ಖರ್ಚಿನಲ್ಲಿ ಯಾರ ಪಾಲು ಎಷ್ಟು, ತಿಂಗಳ ಯಾವ ತಾರೀಖಿಗೆ ಯಾವ ಖಾತೆಗೆ, ವರ್ಷಕ್ಕೆ ಎಷ್ಟು ಏರಿಕೆ? ಶಸ್ತ್ರಚಿಕಿತ್ಸೆ, ಪಾಸ್‌ಪೋರ್ಟ್, ಶಾಲೆ ಬದಲಾವಣೆಗೆ ಇಬ್ಬರ ಒಪ್ಪಿಗೆಯೇ? ಅಜ್ಜ ಅಜ್ಜಿಯರ ಭೇಟಿ ಹೇಗೆ? ಇಷ್ಟಲಿಂಗ ದೀಕ್ಷೆಯ ದಿನ ತಂದೆ ತಾಯಿ ಇಬ್ಬರೂ ಹಾಜರಿರುವರೇ? ಇದನ್ನು ಯಾವ ವಕೀಲರೂ ತಾವಾಗಿ ಬರೆಯಲಾರರು. ಮಗುವಿನ ದಿನಚರಿ ಬಲ್ಲವರು ಹೆತ್ತವರೇ.

ಎರಡು ಮಾತು ನೆನಪಿರಲಿ. ‘ನನಗೆ ಏನೂ ಬೇಡ’ ಎಂದು ತಾಯಿ ಬರೆದುಕೊಟ್ಟರೂ ಮಗುವಿನ ಜೀವನಾಂಶದ ಹಕ್ಕು ಅಲ್ಲಿಗೆ ಸಾಯುವುದಿಲ್ಲ, ಅದು ಮಗುವಿನದು. ಹಾಗೆಯೇ 26ನೇ ಕಲಮಿನಡಿ ಮಕ್ಕಳ ಬಗೆಗಿನ ಆದೇಶವನ್ನು ಡಿಕ್ರಿಯ ನಂತರವೂ ನ್ಯಾಯಾಲಯ ಬದಲಿಸಬಹುದು. ಐದು ವರ್ಷದ ಮಗುವಿಗೆ ಬರೆದದ್ದು ಹದಿನೈದಕ್ಕೆ ಹೊಂದುವುದಿಲ್ಲ.

ಆದರೆ ಈ ದಾರಿ ಎಲ್ಲರಿಗೂ ಅಲ್ಲ. ಹೊಡೆತ ಬಡಿತ, ಬೆದರಿಕೆ ಇದ್ದಲ್ಲಿ, ಆಸ್ತಿ ಮುಚ್ಚಿಟ್ಟಲ್ಲಿ, ಒಬ್ಬರ ಒಪ್ಪಿಗೆ ಒತ್ತಾಯದ್ದಾಗಿದ್ದಲ್ಲಿ ವಕೀಲರಿಲ್ಲದೆ ಸಹಿ ಹಾಕಲೇಬಾರದು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಮಹಿಳೆಯರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿನ ಹಕ್ಕಿದೆ. ಜಿಲ್ಲಾ ಪ್ರಾಧಿಕಾರ ಅಥವಾ ತಾಲ್ಲೂಕು ಸಮಿತಿಗೆ ಹೋಗಬಹುದು, ಸಹಾಯವಾಣಿ 15100.

ಈಗ ಮಠಗಳಿಗೆ ನನ್ನ ವಿನಂತಿ. ಸಾಮೂಹಿಕ ಕಲ್ಯಾಣ ಮಹೋತ್ಸವ ಮಾಡುವ ಮಠಗಳು ನಮ್ಮಲ್ಲಿವೆ. ಸಿರಿಗೆರೆಯ ಸದ್ಧರ್ಮ ನ್ಯಾಯಪೀಠದಂತೆ ಜನರ ವ್ಯಾಜ್ಯಗಳನ್ನು ಕೇಳುವ ಪರಂಪರೆಯೂ ಇದೆ. ತಿಂಗಳಿಗೊಂದು ದಿನ, ಒಂದು ಕೋಣೆ, ಒಂದು ಮೇಜು ಕೊಡಿ. ನಿವೃತ್ತ ಗುಮಾಸ್ತರು, ಶಿಕ್ಷಕಿಯರು ಇಬ್ಬರು ಕೂರಲಿ. ಕಾನೂನು ಸೇವಾ ಸಮಿತಿಯ ಅರೆಕಾನೂನು ಸ್ವಯಂಸೇವಕರನ್ನು ಕರೆಯಿರಿ. ಅವರು ತೀರ್ಪು ಕೊಡುವುದು ಬೇಡ, ಹಣ ಮುಟ್ಟುವುದು ಬೇಡ. ಬಂದವರ ಜೊತೆ ಕೂತು ಪ್ರಶ್ನೆ ಕೇಳಿ, ಉತ್ತರಗಳನ್ನು ಬರೆಯಲು ನೆರವಾಗಲಿ. ಹೆಂಡತಿಯ ಮಾತನ್ನು ಗಂಡನ ಕಡೆಯವರಿಲ್ಲದೆ ಒಮ್ಮೆ ಪ್ರತ್ಯೇಕವಾಗಿ ಕೇಳಲಿ. ಇದೂ ದಾಸೋಹವೇ.

ಮಠ ಸಂಸಾರ ಕೂಡಿಸಬೇಕೇ ಹೊರತು ಮುರಿಯಲು ನೆರವಾಗಬಾರದು ಎನ್ನುವವರಿದ್ದಾರೆ. ಮೊದಲು ಕೂಡಿಸುವ ಪ್ರಯತ್ನ ನಡೆಯಲಿ. ಕುಟುಂಬ ನ್ಯಾಯಾಲಯಕ್ಕೂ ಕಾಯಿದೆ ವಿಧಿಸಿದ ಮೊದಲ ಕರ್ತವ್ಯ ಅದೇ. ಆದರೆ ಕೂಡಲಾರೆವೆಂದು ಇಬ್ಬರೂ ತೀರ್ಮಾನಿಸಿದ ಮೇಲೆ ಅವರನ್ನು ಕತ್ತಲಲ್ಲಿ ಬಿಡುವುದು ಧರ್ಮವಲ್ಲ. ಕೌಶಿಕನ ಅರಮನೆ ತೊರೆದು ಬಂದ ಅಕ್ಕಮಹಾದೇವಿಯನ್ನು ಅನುಭವ ಮಂಟಪ ಪ್ರಶ್ನಿಸಿತು, ಬಾಗಿಲು ಮುಚ್ಚಲಿಲ್ಲ. ಆ ಮಂಟಪದ ವಾರಸುದಾರರು ನಾವು. ಮದುವೆಯ ಲಗ್ನಪತ್ರಿಕೆಗೆ ಕೊಟ್ಟಷ್ಟೇ ಗಮನವನ್ನು, ಅದು ಮುರಿದಾಗ ಮಗುವಿನ ಪತ್ರಕ್ಕೂ ಕೊಡೋಣ.