ಹಾಲಿಗಿಂತ ಮೊದಲು ಹಿಂಡಿ ಪರೀಕ್ಷೆಯಾಗಲಿ



ಆವತಿ ಸುತ್ತಮುತ್ತಲ ಕೊಟ್ಟಿಗೆಗಳಿಗೆ ಹೋದಾಗ ನಾನು ಹಸು ನೋಡಿದ ಮೇಲೆ ಹಿಂಡಿ ಮೂಟೆಗೂ ಕೈ ಹಾಕಿ ಮೂಸುತ್ತೇನೆ. ಕೆಲವರು ನಗುತ್ತಾರೆ, ನಗಲಿ. ತೇವ ತಗುಲಿದ ಕಡಲೆಕಾಯಿ ಹಿಂಡಿ, ಮುಸುಕಿನ ಜೋಳಕ್ಕೆ ಬೂಸ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಬಹುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಇದು ಬೆಳಕಿಗೆ ಬಂದದ್ದೂ ಕಡಲೆಕಾಯಿ ಹಿಂಡಿಯಿಂದಲೇ. ಹಸು ತಿಂದ ವಿಷದ ಒಂದು ಪಾಲು ಎಂ1 ರೂಪದಲ್ಲಿ ದಿನದೊಳಗೆ ಹಾಲಿಗೆ ಇಳಿಯುತ್ತದೆ. ಕಾಯಿಸಿದರೂ ಹೋಗುವುದಿಲ್ಲ. ಹಾಲಿನಲ್ಲಿ ಇದರ ಮಿತಿ ಕಿಲೋಗೆ 0.5 ಮೈಕ್ರೋಗ್ರಾಂ, ಅಂದರೆ 20 ಲಕ್ಷ ಕಿಲೋ ಹಾಲಿಗೆ ಒಂದು ಗ್ರಾಂ. ನನ್ನ ಮೂಗಿಗೆ ಬೂಸ್ಟು ಸಿಗಬಹುದು, ವಿಷ ಸಿಗದು.

ಪ್ರಯೋಗಾಲಯದಲ್ಲಿ ಹಿಂಡಿ ಪುಡಿ ಮಾಡಿ, ಮೆಥನಾಲ್ ಬೆರೆಸಿದ ನೀರಿನಲ್ಲಿ ಕುಲುಕಿ, ವಿಷವನ್ನು ಆ ದ್ರಾವಕಕ್ಕೆ ಇಳಿಸಿ, ಶೋಧಿಸಿ ಅಳೆಯುತ್ತಾರೆ. ವರದಿ ಬರುವಷ್ಟರಲ್ಲಿ ಮೂಟೆ ಖಾಲಿ.

ಈ ಕೆಲಸದ ಒಂದಷ್ಟನ್ನು ಬೆರಳುದ್ದದ ಚಿಪ್‌ಗೆ ತರುವ ಸಂಶೋಧನೆ ನಡೆದಿದೆ. ಕೂದಲೆಳೆಯಷ್ಟು ಸಣ್ಣ ಕಾಲುವೆಯಲ್ಲಿ ಎರಡು ದ್ರವಗಳು ಸುಳಿಯಿಲ್ಲದೆ ಅಕ್ಕಪಕ್ಕ ಹರಿಯುತ್ತವೆ. ಬೇಕಾದ ಅಣುಗಳು ಒಂದರಿಂದ ಇನ್ನೊಂದಕ್ಕೆ ದಾಟುತ್ತವೆ. ದಾಟುವ ದೂರ ಹತ್ತನೇ ಒಂದು ಭಾಗವಾದರೆ ಹಿಡಿಯುವ ಸಮಯ ನೂರನೇ ಒಂದು ಭಾಗ! ಕಾಗದದಲ್ಲೇ ಇಂಥ ಹಾದಿ ಮಾಡಿ, ಯೂರಿಯಾ, ಡಿಟರ್ಜೆಂಟ್ ಮುಂತಾದ ಕಲಬೆರಕೆಯನ್ನು 30 ಸೆಕೆಂಡಿನಲ್ಲಿ ತೋರಿಸುವ ಸಾಧನವನ್ನು ಮದ್ರಾಸ್ ಐಐಟಿಯವರು ಪ್ರಕಟಿಸಿದ್ದಾರೆ. ಚಿಪ್ ತಯಾರಿಸುವ ಸೌಲಭ್ಯ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಇದೆ.

ಇಂಥದ್ದು ಸಂಘಕ್ಕೆ ಬಂದರೆ ಮೊದಲು ಎಲ್ಲಿಡಬೇಕು? ಹಾಲು ಅಳೆಯುವ ಕಡೆ ಎನ್ನುವವರೇ ಹೆಚ್ಚು. ನಾನು ಒಪ್ಪುವುದಿಲ್ಲ. ಅಲ್ಲಿ ತಪ್ಪು ಸಿಕ್ಕರೆ ಕ್ಯಾನ್ ವಾಪಸ್ ಬರುತ್ತದೆ, ಆ ಹೊತ್ತಿನ ದುಡ್ಡು ನಿಮ್ಮದೇ ಹೋಗುತ್ತದೆ; ಹಿಂಡಿ ಮಾರಿದವನು ಆಗಲೇ ಎಣಿಸಿಕೊಂಡಿರುತ್ತಾನೆ. ಲೋಡು ಇಳಿಸುವಾಗಲೇ ಪರೀಕ್ಷೆಯಾದರೆ ವಾಪಸ್ ಹೋಗುವುದು ಲಾರಿ.

ಒಂದು ಎಚ್ಚರ. ಬೂಸ್ಟು ಮೂಟೆಯಲ್ಲಿ ಒಂದೇ ಸಮನೆ ಹರಡಿರುವುದಿಲ್ಲ. ಒಂದು ಹಿಡಿ ತೆಗೆದು ಪರೀಕ್ಷಿಸಿದರೆ ಎಂಥ ಚಿಪ್ಪೂ ಸುಳ್ಳು ಹೇಳುತ್ತದೆ. ಹಲವು ಮೂಟೆಗಳ ಮೇಲೆ, ನಡುವೆ, ತಳದಿಂದ ತೆಗೆದು ಬೆರೆಸಿ ಪುಡಿ ಮಾಡಲೇಬೇಕು.

ಅಲ್ಲಿಯವರೆಗೆ ಮೂಟೆಗಳನ್ನು ಹಲಗೆ ಮೇಲೆ, ಗೋಡೆಯಿಂದ ದೂರ ಇಡಿ. ಬೂಸ್ಟು ಹಿಡಿದದ್ದನ್ನು ಒಣಗಿಸಿ ಹಾಕಬೇಡಿ. ವಿಷ ಬಿಸಿಲಿಗೆ ಹೋಗಿಬಿಡುತ್ತದೆಂದು ನಂಬಬೇಡಿ. ಹಾಕುವುದನ್ನು ನಿಲ್ಲಿಸಿದರೆ ಮೂರ್ನಾಲ್ಕು ದಿನಗಳಲ್ಲಿ ಹಾಲು ಬಹುಪಾಲು ತಿಳಿಯಾಗುತ್ತದೆ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಬೋನಸ್ ಮಾತು ಮುಗಿದ ಮೇಲೆ ಎದ್ದು ನಿಂತು, ಈ ಸಲದ ಹಿಂಡಿ ಲೋಡಿನ ಅಫ್ಲಾಟಾಕ್ಸಿನ್ ವರದಿ ಎಲ್ಲಿ ಎಂದು ಕೇಳಿ.