ಊಹೆಗೆ ದಂಡವಿಲ್ಲದ ಪರೀಕ್ಷೆ, ಫಾರ್ಮಸಿಗೆ ಪ್ರವೇಶ

ಸಿಇಟಿ ಕೌನ್ಸೆಲಿಂಗ್ ಬಂತೆಂದರೆ ಮತ್ತೆ ಅದೇ ಮಾತು: ‘ಮೆಡಿಕಲ್ ಸಿಗಲಿಲ್ಲ, ಎಂಜಿನಿಯರಿಂಗ್ ಬೇಡ, ಫಾರ್ಮಸಿಗೆ ಹಾಕಿಬಿಡೋಣ.’ ಈ ವಾರವೂ ಕೇಳಿ ಸಿಟ್ಟು ಬಂತು. ಆದರೆ ಹೆತ್ತವರನ್ನು ಬೈದು ಫಲವಿಲ್ಲ, ಪ್ರವೇಶ ಪದ್ಧತಿಯೇ ಹಾಗಿದೆ. ಭೌತವಿಜ್ಞಾನ, ರಸಾಯನವಿಜ್ಞಾನ, ಜೊತೆಗೆ ಗಣಿತ ಇಲ್ಲವೇ ಜೀವವಿಜ್ಞಾನ. ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಗೊತ್ತಿಲ್ಲದ್ದಕ್ಕೂ ಒಂದು ಗುರುತು ಹಾಕಿ ಬರುವುದೇ ಜಾಣತನ. ಡಾಕ್ಟರಾಗುವವರ ನೀಟ್‌ನಲ್ಲಿ ಪ್ರತಿ ತಪ್ಪಿಗೂ ಒಂದು ಅಂಕ ಹೋಗುತ್ತದೆ. ಡಾಕ್ಟರ ಚೀಟಿಯ ತಪ್ಪನ್ನು ಹಿಡಿಯಬೇಕಾದವರನ್ನು ಆರಿಸುವ ಪರೀಕ್ಷೆಯಲ್ಲಿ ಮಾತ್ರ ಊಹೆಗೆ ದಂಡವಿಲ್ಲ.

ಫಾರ್ಮಸಿಗೆ ತಕ್ಕ ವಿದ್ಯಾರ್ಥಿ ಎಂದರೆ ಸಂಶಯ ಬಂದ ಕಡೆ ಕೈ ತಡೆಯುವವರು. ಮಕ್ಕಳ ಜ್ವರದ ಪ್ಯಾರಸಿಟಮಾಲ್ ತೆಗೆದುಕೊಳ್ಳಿ. ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ಮಿ.ಲೀ.ಗೆ 100 ಮಿ.ಗ್ರಾಂ. ಇರುತ್ತದೆ, ಸಿರಪ್‌ನಲ್ಲಿ 5 ಮಿ.ಲೀ.ಗೆ 120 ಅಥವಾ 250. ಹತ್ತು ಕೆ.ಜಿ.ಯ ಮಗುವಿಗೆ, ಕೆ.ಜಿ.ಗೆ 15ರ ಲೆಕ್ಕದಲ್ಲಿ, 150 ಮಿ.ಗ್ರಾಂ. ಬೇಕು. ಡ್ರಾಪ್ಸ್ ಆದರೆ ಒಂದೂವರೆ ಮಿ.ಲೀ., 250ರ ಸಿರಪ್ ಆದರೆ ಮೂರು. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದರೆ ಮಗುವಿನ ಹೊಟ್ಟೆಗೆ ದುಪ್ಪಟ್ಟು ಔಷಧಿ. ಲೆಕ್ಕ ಹೈಸ್ಕೂಲಿನದು, ಯಾರಿಗೂ ಕಷ್ಟವಲ್ಲ. ಬಾಟಲಿ ತಿರುಗಿಸಿ ಓದುವ ಅಭ್ಯಾಸ, ತೂಕ ಕೇಳುವ ವ್ಯವಧಾನ, ‘ಅಮ್ಮಾ, ಈ ಗೆರೆಯವರೆಗೆ ಮಾತ್ರ ಹಾಕಿ’ ಎಂದು ತೋರಿಸಿ ಹೇಳುವ ತಾಳ್ಮೆ ಬೇಕು. ಕೀಲುವಾತಕ್ಕೆ ವಾರಕ್ಕೊಮ್ಮೆ ಕೊಡುವ ಮೆಥೋಟ್ರೆಕ್ಸೇಟ್ ಚೀಟಿಯಲ್ಲಿ ದಿನಕ್ಕೊಂದು ಎಂದಿದ್ದರೆ, ಮಾತ್ರೆ ಕೊಡದೆ ಡಾಕ್ಟರಿಗೆ ಫೋನ್ ಮಾಡುವ ಎದೆಗಾರಿಕೆ ಬೇಕು. ರ‍್ಯಾಂಕ್ ಪಟ್ಟಿ ಇದ್ಯಾವುದನ್ನೂ ಅಳೆಯುವುದಿಲ್ಲ.

ಕಾಲೇಜಿನಲ್ಲಿ ಕಲಿಯುತ್ತಾರಲ್ಲ ಎನ್ನುವವರಿದ್ದಾರೆ. ವಿಷಯ ಕಲಿಯುತ್ತಾರೆ, ನಿಜ. ಗಣಿತ ಓದದವರಿಗೆ ಗಣಿತ, ಜೀವವಿಜ್ಞಾನ ಓದದವರಿಗೆ ಜೀವವಿಜ್ಞಾನ ಹೇಳಿಕೊಡಲು ಬಿ.ಫಾರ್ಮಾ ಮೊದಲ ಸೆಮಿಸ್ಟರಿನಲ್ಲೇ ಪೂರಕ ಪಾಠವಿದೆ. ಪಿಯುಸಿಯ ಎರಡು ವರ್ಷ ಊಹಿಸುವುದನ್ನೇ ರೂಢಿಸಿಕೊಂಡವರಿಗೆ ಅದನ್ನು ಬಿಡಿಸಲು ಅಂಥದ್ದೊಂದು ಪಾಠವಿಲ್ಲ. ಹೆಚ್ಚಿನವರು ಕಂಪನಿಗೆ ಹೋಗುತ್ತಾರೆ, ಕೌಂಟರಿನಲ್ಲಿ ನಿಲ್ಲುವುದಿಲ್ಲ ಎಂಬ ವಾದವೂ ನಿಲ್ಲದು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದ ಮಕ್ಕಳ ಜೀವ ತೆಗೆದ ಕೆಮ್ಮಿನ ಸಿರಪ್‌ನಲ್ಲಿದ್ದ ಡೈಎಥಿಲೀನ್ ಗ್ಲೈಕಾಲ್ ಕಾರ್ಖಾನೆಯಲ್ಲೇ ಸಿಕ್ಕಿಬೀಳಬೇಕಿತ್ತು. ಹಾಗಾದರೆ ಸಂದರ್ಶನ ಇಡೋಣವೇ? ಬೇಡ. ನಮ್ಮಲ್ಲಿ ಅದು ಶಿಫಾರಸು, ಡೊನೇಷನ್‌ಗಳ ಹಿಂಬಾಗಿಲಾಗುತ್ತದೆ ಎಂಬ ಭಯ ಸಕಾರಣವೇ. ಪರೀಕ್ಷಾ ಪ್ರಾಧಿಕಾರವೇ ಫಾರ್ಮಸಿ ಬಯಸುವವರಿಗೆ ಒಂದು ಗಂಟೆಯ ಪತ್ರಿಕೆ ಇಡಲಿ: ಡೋಸ್ ಲೆಕ್ಕ, ಲೇಬಲ್ ಓದಿ ಉತ್ತರ, ರೋಗಿಗೆ ಕನ್ನಡದಲ್ಲಿ ನಾಲ್ಕು ಸಾಲು, ತಪ್ಪಿಗೆ ಅಂಕ ಕಡಿತ. ಹೊರನಾಡು, ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಕನ್ನಡ ಪರೀಕ್ಷೆ ನಡೆಸುವ ಪ್ರಾಧಿಕಾರಕ್ಕೆ ಇದು ಹೊರೆಯೇನಲ್ಲ. ಸೀಟು ಖಾಲಿ ಉಳಿಯುತ್ತದೆ ಎಂದು ಕಾಲೇಜುಗಳು ಕೂಗೆಬ್ಬಿಸಬಹುದು. ಲೇಬಲ್ ಓದಲಾರದವರಿಂದ ಎಷ್ಟು ಸೀಟು ತುಂಬಿಸಿಕೊಂಡಿದ್ದೇವೆ ಎಂಬುದನ್ನು ಅವು ಮೊದಲು ಹೇಳಲಿ.